ಮಗಳಿಗೆ ನಾನು ಅಂಟಿಸಿದ ಉಬ್ಬಸ

ನನ್ನ ಮಗಳಿಗೆ ಉಬ್ಬಸ ಇಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಅವಳ ಎದೆ ಗೊರಗೊರ ಅಂದಿಲ್ಲ. ಈ ಕೊಲ್ಲಿ ದೇಶದಲ್ಲಿ ಧೂಳುಗಾಳಿ ಎದ್ದಾಗ ಹವಲ್ಲಿಯ ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಜನ ಕೆಮ್ಮುತ್ತಾ ಕೂತಿದ್ದರೆ, ಅವಳು ಲಿಫ್ಟಿಗೂ ಕಾಯದೆ ಏಳು ಮಹಡಿ ಹತ್ತಿ ಬಂದು ತಿನ್ನೋಕೇನಿದೆ ಅಂತ ಕೇಳುವವಳು. ಹಾಗಿದ್ದೂ ಅವಳಿಗೆ ಉಬ್ಬಸ ಇದೆ ಎಂದು ಒಬ್ಬರ ಹತ್ತಿರ ಹೇಳಿದೆ. ಹೇಳಿದವಳು ಹೆತ್ತ ತಾಯಿ, ಅದೂ ಒಂದು ಕ್ಲಿನಿಕ್ಕಿನಲ್ಲಿ ಹದಿನಾರು ವರ್ಷದಿಂದ ಫಾರ್ಮಸಿಸ್ಟ್ ಆಗಿರುವವಳು. ಉಬ್ಬಸ ಅಂದರೆ ಏನು ಅಂತ ಗೊತ್ತಿಲ್ಲದೆ ಆಡಿದ ಮಾತಲ್ಲ.

ನಾನು ಸುಳ್ಳು ಹೇಳಿದ್ದು ಫಿನ್ಲೆಂಡಿನ ಒಬ್ಬ ಹೆಂಗಸಿಗೆ. ಐವತ್ತು ದಾಟಿದೆ. ಗಂಡನಿಗೆ ಇಲ್ಲಿ ಸಮುದ್ರದ ನೀರನ್ನು ಸಿಹಿನೀರು ಮಾಡುವ ಸ್ಥಾವರದಲ್ಲಿ ಕೆಲಸ, ಮನೆ ಸಲ್ವಾದಲ್ಲಿ. ಒಂದು ಕಾಲಕ್ಕೆ ಆಕೆ ತಮ್ಮ ದೇಶದ ತಂಡದಲ್ಲಿ ಹದಿಮೂರು ಚಳಿಗಾಲ ಸ್ಕೀ ಓಡಿದವರು. ಸ್ಕೀ ಅಂದರೆ ಸಿನಿಮಾ ಹಾಡಿನಲ್ಲಿ ತೋರಿಸುವ ಹಾಗೆ ಬೆಟ್ಟದಿಂದ ಕೆಳಗೆ ಜಾರುವುದು ಅಂತ ನಾನು ತಿಳಿದಿದ್ದೆ. ಅದಲ್ಲವಂತೆ. ಇವರದು ಕ್ರಾಸ್ ಕಂಟ್ರಿ: ಹಿಮದ ಕಾಡಿನಲ್ಲಿ ಏರು, ತಗ್ಗು, ಬಯಲು ಎಲ್ಲವನ್ನೂ ಸ್ವಂತ ಕೈಕಾಲಿನ ಬಲದಲ್ಲೇ ದಾಟಬೇಕು, ಹತ್ತು ಕಿಲೋಮೀಟರು, ಮೂವತ್ತು ಕಿಲೋಮೀಟರು. ಕಾಲಿಗಿಂತ ಮೊದಲು ಸೋಲುವುದು ಎದೆ ಅನ್ನುತ್ತಿದ್ದರು.

ಮೊದಲ ಸಲ ನೋಡಿದ್ದು ಒಂದು ಶನಿವಾರ ಬೆಳಿಗ್ಗೆ, ಸಮುದ್ರದ ಪಕ್ಕದ ವಾಕಿಂಗ್ ದಾರಿಯಲ್ಲಿ. ನನಗೆ ಶುಗರ್ ಬಾರ್ಡರಿನಲ್ಲಿದೆ ಅಂತ ನಡೆಯಲು ಹೋಗುತ್ತಿದ್ದೆ, ಮಲಗಿದ್ದ ಮಗಳನ್ನೂ ಎಳೆದುಕೊಂಡು. ಎರಡು ಕೈಯಲ್ಲಿ ಉದ್ದನೆಯ ಕೋಲು ಹಿಡಿದು, ಕಾಲಿಗೆ ಗಾಲಿಯ ಪಟ್ಟಿ ಕಟ್ಟಿಕೊಂಡು, ಬೆಳ್ಳಿಕೂದಲಿನ ಹೆಂಗಸೊಬ್ಬರು ನಮ್ಮ ಪಕ್ಕದಲ್ಲೇ ಬರ್ರನೆ ಹೋದರು. ಹಿಮ ಇಲ್ಲದ ಊರಲ್ಲಿ ಸ್ಕೀ ಆಟದವರು ಹೀಗೆ ಅಭ್ಯಾಸ ಮಾಡುತ್ತಾರಂತೆ. ಗಾಳ ಹಾಕಿ ಕೂತಿದ್ದವರೆಲ್ಲ ಮೀನು ಬಿಟ್ಟು ಅವರನ್ನು ನೋಡಿದರು. ನನ್ನ ಮಗಳು ತಮಾಷೆಗೆ ಅವರ ಹಿಂದೆ ಓಡಿಬಿಟ್ಟಳು. ನಾನು ಏದುಸಿರು ಬಿಡುತ್ತಾ ಎರಡು ಕಿಲೋಮೀಟರು ನಡೆದು ತಲುಪುವ ಹೊತ್ತಿಗೆ ಇಬ್ಬರೂ ಸ್ನೇಹಿತರಾಗಿದ್ದರು. ಮಗಳು ಬಾಯಿ ಮುಚ್ಚಿಕೊಂಡು ಮೂಗಲ್ಲೇ ಉಸಿರಾಡುತ್ತಿದ್ದಳು, ಆಕೆ ಅದನ್ನೇ ನೋಡುತ್ತಾ ನಿಂತಿದ್ದರು.

ಶನಿವಾರ ಶನಿವಾರ ಏಳೆಂಟು ಹುಡುಗಿಯರನ್ನು ಸೇರಿಸಿ ಓಡಿಸುತ್ತಿದ್ದರು. ಇವಳೂ ಸೇರಿಕೊಂಡಳು. ಹೆಸರು ಹಿಡಿದು ಕರೆಯಿರಿ ಅಂದರು, ನನಗೆ ನಾಲಿಗೆ ಬರಲಿಲ್ಲ. ಮಗಳ ಹಾಗೆ ನಾನೂ ಕೋಚ್ ಅಂತಲೇ ಕರೆದೆ. ವಾರಕ್ಕೊಮ್ಮೆ ತಾನೇ, ಓಡಲಿ, ಮೈಗೆ ಒಳ್ಳೇದು ಅಂತ ನಾನು ಸುಮ್ಮನಿದ್ದೆ. ನಾಲ್ಕು ತಿಂಗಳಾದ ಮೇಲೆ ಕೋಚ್ ನನ್ನನ್ನು ಪಕ್ಕಕ್ಕೆ ಕರೆದರು. ಇಂಥ ಉಸಿರಿನ ಮಕ್ಕಳನ್ನು ತಮ್ಮ ಜೀವಮಾನದಲ್ಲಿ ಇಬ್ಬರನ್ನೋ ಮೂವರನ್ನೋ ಕಂಡಿದ್ದಾರಂತೆ. ಇನ್ನು ಮೇಲೆ ವಾರಕ್ಕೆ ನಾಲ್ಕು ದಿನ ಬರಲಿ, ಎರಡು ವರ್ಷ ಕೊಡಿ, ಇವಳು ದೂರದ ಓಟದವಳಾಗುತ್ತಾಳೆ ಅಂದರು.

ಮಗಳು ಆಗ ಒಂಬತ್ತನೇ ಕ್ಲಾಸು. ಮುಂದಿನ ವರ್ಷ ಬೋರ್ಡ್ ಪರೀಕ್ಷೆ, ಅದಾದ ಮೇಲೆ ಸೈನ್ಸು, ಅದಾದ ಮೇಲೆ ಮೆಡಿಕಲ್. ಅವಳ ಹತ್ತು ವರ್ಷವನ್ನು ನಾನು ಮನಸ್ಸಿನಲ್ಲೇ ಬರೆದಿಟ್ಟಾಗಿತ್ತು. ಅದರಲ್ಲಿ ಓಟಕ್ಕೆ ಜಾಗ ಇರಲಿಲ್ಲ. ಇಲ್ಲ, ಆಗೋಲ್ಲ ಅಂತ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಪ್ರೀತಿಯಿಂದ ಕೇಳಿದವರಿಗೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವುದುಂಟೇ? ನೋಡೋಣ ಅನ್ನುತ್ತೇವೆ, ಕೇಳಿದವರಿಗೂ ಅರ್ಥವಾಗುತ್ತದೆ. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ತಕ್ಷಣ ಫೋನ್ ತೆಗೆದು, ಯಾವತ್ತು ನೋಡೋಣ, ಮಂಗಳವಾರ ಆಗುತ್ತದಾ ಅಂತ ಕೇಳಿದರು.

ಮೂರು ವಾರ ನೋಡೋಣ ನೋಡೋಣ ಅಂತ ತಳ್ಳಿದೆ. ನಮ್ಮ ಮನೆಯವರು, ಬೇಡ ಅಂತ ಹೇಳಿಬಿಡು, ಅದರಲ್ಲೇನು, ಅವರೇನು ನಿನಗೆ ವೀಸಾ ಕೊಟ್ಟ ಕಫೀಲಾ ಅಂದರು. ಅವರಿಗೇನು, ಹೇಳಬೇಕಾದವಳು ನಾನು. ನಾಲ್ಕನೇ ವಾರ ಕೋಚ್ ಮತ್ತೆ ಕೇಳಿದಾಗ ನನ್ನ ಹಾಳು ನಾಲಿಗೆ ಹೊರಳಿತು. ಅವಳಿಗೆ ಚಿಕ್ಕಂದಿನಿಂದ ಸ್ವಲ್ಪ ವೀಜಿಂಗ್ ಇದೆ, ಹೊರಗೆ ಕಾಣೋಲ್ಲ, ಜಾಸ್ತಿ ಓಡಿಸೋಕೆ ಭಯ ಅಂದುಬಿಟ್ಟೆ. ಮದುವೆಗೆ ಹೋಗದಿದ್ದಕ್ಕೆ ಜ್ವರ ಅನ್ನುವ ಹಾಗೆ ಹೇಳಿದ್ದು. ಇಷ್ಟು ಹೇಳಿದರೆ ಯಾರಾದರೂ ಅಯ್ಯೋ ಪಾಪ ಅಂದು ಬಿಟ್ಟುಬಿಡುತ್ತಾರೆ ಅಂತ ನಂಬಿದ್ದೆ.

ಅವರು ಅಯ್ಯೋ ಪಾಪ ಅನ್ನಲಿಲ್ಲ. ಅವರ ಮುಖ ಮೆತ್ತಗಾಯಿತು. ನಾಳೆ ಸಂಜೆ ಮನೆಗೆ ಬನ್ನಿ, ಒಬ್ಬರೇ ಬನ್ನಿ ಅಂದರು.

ಸಲ್ವಾದ ಅವರ ಫ್ಲಾಟಿನಲ್ಲಿ ಏಲಕ್ಕಿ ವಾಸನೆ ತುಂಬಿತ್ತು. ಅವರ ಊರಿನ ಬನ್ನಿಗೂ ಏಲಕ್ಕಿ ಹಾಕುತ್ತಾರಂತೆ. ಕಾಫಿ, ಬನ್ನು ಕೊಟ್ಟು ಎದುರು ಕೂತು ತಮ್ಮ ಕಥೆ ಹೇಳಿದರು. ಆ ಕೊರೆಯುವ ಒಣಗಾಳಿಯನ್ನು ವರ್ಷಾನುಗಟ್ಟಲೆ ಬಾಯಿ ತುಂಬ ಎಳೆದುಕೊಂಡು ಸ್ಕೀ ಓಡುವವರಲ್ಲಿ ಬಹಳ ಜನಕ್ಕೆ ಉಬ್ಬಸ ಹಿಡಿಯುತ್ತದಂತೆ. ಇವರಿಗೆ ಇಪ್ಪತ್ತೆರಡನೇ ವಯಸ್ಸಿಗೆ ಹಿಡಿಯಿತು. ಇನ್ಹೇಲರ್ ಬೇಕಾಯಿತು. ಆಗ ಶುರುವಾಯಿತು ಅನುಮಾನ. ಇವಳಿಗೆ ಉಬ್ಬಸವೂ ಇಲ್ಲ ಏನೂ ಇಲ್ಲ, ಔಷಧದ ಬಲದಲ್ಲಿ ಓಡೋಕೆ ಮಾಡಿಕೊಂಡ ನೆಪ ಅಂತ ಒಂದು ಪತ್ರಿಕೆ ಬರೆಯಿತಂತೆ. ಲ್ಯಾಬಿನಲ್ಲಿ ಕೂರಿಸಿ ತಣ್ಣನೆಯ ಗಾಳಿ ಕುಡಿಸಿ ಪರೀಕ್ಷೆ ಮಾಡಿದರು. ಉಸಿರು ಕಟ್ಟಿ ಕುರ್ಚಿಯಿಂದ ಜಾರಿದರು. ಕಾಗದ ಸಿಕ್ಕಿತು, ನಂಬಿಕೆ ಸಿಗಲಿಲ್ಲ. ಸ್ಪರ್ಧೆಯ ದಿನ ಸಾಲಿನಲ್ಲಿ ನಿಂತಾಗ ಪಕ್ಕದ ದೇಶದ ಹುಡುಗಿ ಇವರನ್ನು ನೋಡಿ ಬೇಕಂತಲೇ ಕೆಮ್ಮುತ್ತಿದ್ದಳಂತೆ, ಅಣಕಿಸಿ. ಕೊನೆಯ ಚಳಿಗಾಲದಲ್ಲಿ ರಿಲೇ ತಂಡದಿಂದ ಕೈಬಿಟ್ಟರು. ಉಳಿದ ನಾಲ್ವರಿಗೆ ಪದಕ ಬಂತು, ಇವರು ಟೀವಿಯಲ್ಲಿ ನೋಡಿದರು. ಸ್ಕೀ ಬಿಟ್ಟಿದ್ದು ಕಾಲು ಸೋತು ಅಲ್ಲ, ನನ್ನ ಉಸಿರು ನನ್ನದೇ ಅಂತ ಸಾಬೀತು ಮಾಡಿ ಮಾಡಿ ಸಾಕಾಗಿತ್ತು ಅಂದರು.

ಆಮೇಲೆ ನನ್ನ ಕೈ ಹಿಡಿದುಕೊಂಡು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ನಿಮ್ಮ ಹತ್ತಿರ ನಾನು ಸರ್ಟಿಫಿಕೇಟ್ ಕೇಳಲ್ಲ. ಅವಳಾಗಿ ಹೇಳೋವರೆಗೆ ಅವಳನ್ನೂ ಕೇಳಲ್ಲ. ನೀವು ಹೇಳಿದಿರಿ, ಸಾಕು."

ಆಗಲೇ ಹೇಳಬೇಕಿತ್ತು. ಕೋಚ್, ತಪ್ಪಾಯಿತು, ಸುಳ್ಳು ಹೇಳಿದೆ, ಓದಿಗೆ ತೊಂದರೆ ಅಂತ ಹೀಗೆ ಮಾಡಿದೆ ಅಂತ ಕಾಲು ಹಿಡಿದಿದ್ದರೂ ತಪ್ಪಿರಲಿಲ್ಲ. ತಟ್ಟೆಯಲ್ಲಿದ್ದ ಬನ್ನು ತಿಂದು ಮುಗಿಸಿದೆ. ಯಾವ ಸುಳ್ಳನ್ನು ಅವರ ಮೇಲೆ ಅಷ್ಟು ವರ್ಷ ಹೊರಿಸಿದ್ದರೋ ಅದೇ ಸುಳ್ಳನ್ನು ತಂದು ಅವರ ಮುಂದೆ ಇಟ್ಟು ನಾನು ಅವರ ಕಾಫಿ ಕುಡಿದು ಎದ್ದು ಬಂದೆ. ನಾಚಿಕೆಗೇಡಿನ ಕೆಲಸ. ಕಾರಿನಲ್ಲಿ ಕೂತು ಅತ್ತೆ, ಅತ್ತು ಮುಗಿಸಿ ಮನೆಗೆ ಹೋಗಿ ಚಪಾತಿ ಲಟ್ಟಿಸಿದೆ.

ನೆಪವೂ ಕೆಲಸಕ್ಕೆ ಬರಲಿಲ್ಲ. ಉಬ್ಬಸ ಇದ್ದವರು ಹೇಗೆ ಓಡಬೇಕು ಅನ್ನುವುದನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಯಾರು? ಮಗಳಿಗೆ ಏನೂ ಹೇಳದೆ, ನಿಧಾನಕ್ಕೆ ಶುರು ಮಾಡಿಸಿ, ಧೂಳಿದ್ದ ದಿನ ಮೂಗಿಗೆ ಬಟ್ಟೆ ಕಟ್ಟಿಸಿ, ಹುಷಾರಾಗಿ ಓಡಿಸತೊಡಗಿದರು. ಮತ್ತೆ ನಾಲ್ಕು ದಿನದ ಮಾತೆತ್ತಿದರು. ಅಷ್ಟರಲ್ಲಿ ಮಗಳಿಗೆ ಗಣಿತದಲ್ಲಿ ಮಾರ್ಕ್ಸ್ ಇಳಿಯಿತು. ನಾನು ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಪೇರಿಸಿದೆ. ಡಾಕ್ಟರು ಓಟ ಪೂರ್ತಿ ನಿಲ್ಲಿಸಿ ಅಂದಿದ್ದಾರೆ ಅಂತ ಮೆಸೇಜ್ ಹಾಕಿದೆ. ಪೂರ್ತಿ ನಿಲ್ಲಿಸುವ ಮಾತಾದರೆ ಅವಳನ್ನು ಒಂದು ಮಾತು ಕೇಳಲೇಬೇಕು, ಉಸಿರಾಡುವವಳು ಅವಳು, ಶನಿವಾರ ಕರೆದುಕೊಂಡು ಬನ್ನಿ ಅಂತ ಉತ್ತರ ಬಂತು.

ಮಗಳಿಗೆ ಮೊದಲೇ ಹೇಳಿಡುವಷ್ಟು ಧೈರ್ಯವೂ ನನಗಿರಲಿಲ್ಲ. ಹೇಗೋ ತಪ್ಪಿಹೋಗುತ್ತದೆ ಅಂದುಕೊಂಡು ಕರೆದುಕೊಂಡು ಹೋದೆ. ಉಳಿದ ಹುಡುಗಿಯರು ಓಡುತ್ತಾ ಮುಂದೆ ಹೋದ ಮೇಲೆ ಕೋಚ್ ನನ್ನೆದುರಿಗೇ ಅವಳನ್ನು ಕೇಳಿದರು: ನಿನಗೆ ವೀಜಿಂಗ್ ಇದೆ ಅಂತ ಅಮ್ಮ ಹೇಳಿದ್ದಾರೆ, ಓಡಿದರೆ ಎದೆ ಹಿಡಿಯುತ್ತದಾ, ಹೆದರಬೇಡ, ನೀನು ಏನು ಹೇಳಿದರೂ ನಂಬುತ್ತೇನೆ.

ಅವಳು ನನ್ನ ಕಡೆ ತಿರುಗಿದಳು. ಮೊದಲು ಅರ್ಥವಾಗದೆ ನೋಡಿದಳು. ಆಮೇಲೆ ಅರ್ಥವಾಯಿತು. ಆ ಎರಡು ನೋಟದ ನಡುವೆ ಭೂಮಿ ಬಾಯಿ ಬಿಟ್ಟಿದ್ದರೆ ನಾನು ಒಳಗೆ ಹೋಗಿಬಿಡುತ್ತಿದ್ದೆ. ಹೌದು, ಮನೆಗೆ ಹೋದ ಮೇಲೆ ಬರುತ್ತದೆ, ನಿಮಗೆ ಬೇಜಾರಾಗುತ್ತದೆ ಅಂತ ಹೇಳಿರಲಿಲ್ಲ, ಸಾರಿ ಕೋಚ್ ಅಂದಳು. ಕ್ಷಮೆ ಕೇಳಿದವಳು ಅವಳು. ಕೋಚ್ ಅವಳನ್ನು ತಬ್ಬಿಕೊಂಡು, ಇದರಲ್ಲಿ ನಾಚಿಕೆಪಡುವುದು ಏನೂ ಇಲ್ಲ ಅಂತ ಬೆನ್ನು ಸವರಿದರು.

ಕಾರಿನಲ್ಲಿ ಬೈಯುತ್ತಾಳೆ ಅಂತ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ಕಿಟಕಿಯ ಕಡೆ ಮುಖ ಮಾಡಿ ಕನ್ನಡದಲ್ಲಿ ಹೇಳಿದಳು. "ನೀನು ಸುಳ್ಳು ಹೇಳ್ದೆ ಅಂತ ಅವ್ರಿಗೆ ಗೊತ್ತಾಗ್ಬಾರ್ದು ಅಂತ ಹಾಗಂದೆ ಅಮ್ಮ." ನಾನು ಸಿಗ್ನಲ್ಲಿನಲ್ಲಿ ಹಸಿರು ಬಂದರೂ ನಿಂತೇ ಇದ್ದೆ, ಹಿಂದಿನವರು ಹಾರ್ನ್ ಹೊಡೆದರು.

ಓಟ ನಿಂತಿತು. ನಾನು ಬಯಸಿದ್ದು ಅದೇ ತಾನೇ. ಮಾರ್ಕ್ಸೂ ಏರಿತು. ಶನಿವಾರ ಬೆಳಿಗ್ಗೆ ಅವಳು ಟ್ಯೂಷನ್ನಿಗೆ ಹೋಗುತ್ತಾಳೆ, ಲಿಫ್ಟಿನಲ್ಲಿ ಇಳಿಯುತ್ತಾಳೆ. ಹೇಳಿಬಿಡೋಣ ಬಾ, ಇಬ್ಬರೂ ಹೋಗೋಣ ಅಂತ ಒಂದು ಸಲ ಕರೆದೆ. ಈಗ ಹೇಳಿದರೆ ತಾನೂ ಸುಳ್ಳಿಯಾಗುತ್ತೇನೆ, ಕೋಚ್ ತನ್ನ ಮುಖ ನೋಡುವುದಿಲ್ಲ ಅಂತ ಅತ್ತಳು. ನಾನೂ ಬಲವಂತ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳು ಬೇಡ ಅಂದಿದ್ದು ನನಗೂ ಅನುಕೂಲವಾಯಿತು.

ಹೋದ ತಿಂಗಳು ಕೋಚ್ ಒಂದು ಪೊಟ್ಟಣ ಕಳಿಸಿದರು. ಒಳಗೆ ಊದುವ ಮೀಟರ್. ಉಬ್ಬಸದವರು ಜೋರಾಗಿ ಊದಿದರೆ ಮುಳ್ಳು ಎಷ್ಟಕ್ಕೆ ಹೋಯಿತು ಅಂತ ನೋಡಿ ಎದೆಯ ಸ್ಥಿತಿ ತಿಳಿಯುವ ಕೊಳವೆ. ಸ್ಕೀ ಓಡುತ್ತಿದ್ದ ಕಾಲದಲ್ಲಿ ಊರೂರಿಗೆ ಹೊತ್ತುಕೊಂಡು ಹೋಗುತ್ತಿದ್ದುದಂತೆ, ಬಾಯಿಯ ಭಾಗ ಮಾತ್ರ ಹೊಸದು ಹಾಕಿಸಿದ್ದರು. ವಾರಕ್ಕೊಮ್ಮೆ ಊದಿ ನಂಬರು ಕಳಿಸು, ಸುಧಾರಿಸಿದ ದಿನ ಮತ್ತೆ ಓಡೋಣ ಅಂತ ಚೀಟಿ ಇತ್ತು.

ಮಗಳು ಊಟದ ಟೇಬಲ್ಲಿನ ಹತ್ತಿರ ನಿಂತು ಊದಿದಳು. ಮುಳ್ಳು ನಾನೂರ ಮೂವತ್ತಕ್ಕೆ ಹೋಗಿ ನಿಂತಿತು. ಅವಳ ಎತ್ತರಕ್ಕೆ ಅಷ್ಟು ಮೇಲೆ ಹೋಗುವುದು ಅಪರೂಪ, ಉಬ್ಬಸ ಇದ್ದರೆ ಕೆಳಗೇ ನಿಲ್ಲುತ್ತದೆ. ಅವಳು ಅದನ್ನು ಸ್ವಲ್ಪ ಹೊತ್ತು ನೋಡಿದಳು, ಮುಳ್ಳನ್ನು ಬೆರಳಲ್ಲಿ ಸೊನ್ನೆಗೆ ತಳ್ಳಿದಳು, ಫೋನ್ ಕೈಗೆತ್ತಿಕೊಂಡಳು.

"ಎಷ್ಟು ಹಾಕ್ಲಿ ಅಮ್ಮ?" ಅಂತ ಕೇಳಿದಳು.

ಎಷ್ಟು ಹಾಕಿದರೆ ನಂಬುತ್ತಾರೆ ಅಂತ ನನಗೆ ಗೊತ್ತಿತ್ತು. ಇನ್ನೂರ ಎಂಬತ್ತು ಹಾಕು ಅಂದೆ.