ನಡುವೆ ಚುಕ್ಕಾಣಿಯಿದ್ದ ಹಳೆಯ ಹಾಯಿದೋಣಿ

ನನ್ನ ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದು ಬಯಲುಸೀಮೆಯ ಶಹಾಪುರಕ್ಕೆ ಮರಳಿದಾಗ, ಇನ್ನಾದರೂ ನೆಲದ ಮೇಲೆ ಇರುತ್ತಾರೆ ಅಂದುಕೊಂಡಿದ್ದೆ. ವರ್ಷ ತುಂಬುವುದರೊಳಗೆ ಕಾರವಾರದಲ್ಲಿ ಯಾರೋ ಬಳಸಿ ಬಿಟ್ಟ ಹಾಯಿದೋಣಿಯೊಂದನ್ನು ಕೊಂಡರು. ಹತ್ತಿರದ ಹಳ್ಳಿ ಗೋಗಿಯಿಂದ ಬಂದಿದ್ದ ನಮ್ಮತ್ತೆ, "ಎತ್ತು ತಂದಿದ್ರ ಹೊಲಕ್ಕರ ಆಗ್ತಿತ್ತು. ದೋಣಿ ತಗೊಂಡು ಏನ್ ಮಾಡ್ತೀಯಪ್ಪ?" ಅಂದರು. ಇವರು ನಕ್ಕರು. ನನಗೆ ನಗು ಬರಲಿಲ್ಲ. ಈಜೂ ಬರುತ್ತಿರಲಿಲ್ಲ.

ಅದರ ದೊಡ್ಡ ಹಾಯಿ ಹರಿದಿತ್ತು. ಹೊಲಿಗೆ ಅಂಗಡಿ ನಡೆಸುವವಳು ನಾನೇ ಇದ್ದೇನಲ್ಲ ಎಂದು ಅದನ್ನು ಮಡಚಿ ಮನೆಗೆ ತಂದರು. ಮಾಳಿಗೆಯ ಮೇಲೆ ಹಾಸಿದರೆ ಕಾಲಿಡಲು ಜಾಗವಿಲ್ಲ. ಪಕ್ಕದ ಮಾಳಿಗೆಯಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದ ಹೆಂಗಸು, "ಇಷ್ಟು ಬೆಳ್ಳನ ತಾಡಪತ್ರಿ ಯಾವ ಲಾರಿದ್ರೀ ಅಕ್ಕಾ?" ಎಂದು ಕೇಳಿದಳು. ಮಶೀನಿನ ಸೂಜಿ ಮುರಿಯಿತು. ಕೊನೆಗೆ ದಬ್ಬಣ ಹಿಡಿದು ಕೈಯಲ್ಲೇ ತೇಪೆ ಹಚ್ಚಿದೆ.

ದೀಪಾವಳಿಯ ನಂತರ ಹಾಯಿ ತೆಗೆದುಕೊಂಡು ಕಾರವಾರಕ್ಕೆ ಹೋದೆವು. ಬೇರೆ ದೋಣಿಗಳಲ್ಲಿ ಚುಕ್ಕಾಣಿ ಹಿಂದಿನ ತುದಿಗಿರುತ್ತದಂತೆ. ಇದರಲ್ಲಿ ನಟ್ಟನಡುವೆ ಸುತ್ತ ಗೋಡೆಯಿದ್ದ ತಗ್ಗು, ಅಲ್ಲಿ ಕೂತು ಚಕ್ರ ತಿರುಗಿಸಬೇಕು. ಎಂಜಿನ್ ಅದರ ಕೆಳಗೆ. ಮುಂದೆ ಅಡುಗೆಗೆ ಜಾಗ, ಹಿಂದೆ ಇಬ್ಬರು ಕಾಲು ಚಾಚಿ ಮಲಗುವಂಥ ಕೋಣೆ. ಒಲೆ ತೊಟ್ಟಿಲಿನಂತೆ ತೂಗುತ್ತಿತ್ತು. ದೋಣಿ ವಾಲಿದರೂ ಚಹಾ ಚೆಲ್ಲುವುದಿಲ್ಲವೆಂದು ಮಾಡಿ ತೋರಿಸಿದರು. ಹಾಸಿಗೆಗೆ ಮಾತ್ರ ಮುಗ್ಗಲು ವಾಸನೆ.

ಮೊದಲ ದಿನ ಹಾಯಿ ಬಿಚ್ಚದೆ ಕಟ್ಟಿಯೇ ಇಟ್ಟು, ಎಂಜಿನ್ ಮೇಲೆ ಒಂದು ಸುತ್ತು ಹೋದೆವು. ತಿರುಗಿ ಬರುವಾಗ ಗಾಳಿ ಎದ್ದಿತು. ಬಂದರು ಕಣ್ಣಿಗೆ ಕಾಣುತ್ತಿದ್ದಂತೆ ಎಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅಲೆಗಳು ನಮ್ಮನ್ನು ಬಂಡೆಗಳತ್ತ ತಳ್ಳತೊಡಗಿದವು.

"ನಾ ಹಾಯಿ ಎತ್ತತೀನಿ, ನೀ ಚಕ್ರ ಹಿಡಿ!"

"ನನಗ ಬರಾಂಗಿಲ್ಲರೀ!"

"ಬಂಡೆಗಲ್ಲ ಕಡಿ ನೋಡಬ್ಯಾಡ. ಅಲ್ಲಿ ಬಿಳಿ ಕಟ್ಟಡ ಕಾಣಸ್ತದಲ್ಲ, ದೋಣಿ ಮೂತಿ ಅದರ ಕಡಿಗೇ ಇರಲಿ."

ಹಿಡಿದೆ. ಅಲೆ ಮುಂದಿನ ತುದಿಗೆ ಬಡಿದು ಒಡೆಯುತ್ತಿತ್ತು. ನಾನಿದ್ದ ನಡುವಿನ ತಗ್ಗಿಗೆ ಬರೀ ಹನಿಗಳು ಬಂದವು. ಹಾಯಿ ಮೇಲೇರಿ ಫಟ್ಟೆಂದು ಗಾಳಿ ತುಂಬಿಕೊಂಡಿತು. ಬಿಳಿ ಕಟ್ಟಡ ಬಿಟ್ಟು ನನ್ನ ಕಣ್ಣು ತೇಪೆಯ ಮೇಲೆಯೇ ಹೋಯಿತು. ಹೊಲಿಗೆ ಬಿಗಿದುಕೊಂಡಿತು, ಬಿಡಲಿಲ್ಲ. ದೋಣಿ ವಾಲಿ, ತಡವರಿಸಿ, ಮುಂದೆ ನಡೆಯಿತು. ಬಂಡೆಗಳು ಪಕ್ಕದಲ್ಲಿ ಹಾದು ಹಿಂದೆ ಉಳಿದವು.

ಒಳಗಿನ ಶಾಂತ ನೀರಿಗೆ ಬಂದು ಲಂಗರು ಬಿಟ್ಟಮೇಲೂ ಚಕ್ರದಿಂದ ಕೈ ತೆಗೆಯಲಾಗಲಿಲ್ಲ. ಇವರೇ ಬಂದು ಬೆರಳು ಬಿಡಿಸಿದರು. ನನಗೆ ಅಳು, ನಗು ಒಟ್ಟಿಗೇ ಬಂದವು. ಹಲಗೆ ಎತ್ತಿ ಎಂಜಿನ್ ನೋಡಿದ ಇವರ ಮುಖವೂ ಹಗುರಾಯಿತು. ಹಳೆಯ ಟಾಕಿಯ ತಳದ ಹೊಲಸು ಅಲೆಗೆ ಕದಡಿ, ಡೀಸೆಲ್ ಸೋಸುವ ಜಾಲರಿಗೆ ಕಟ್ಟಿಕೊಂಡಿತ್ತು, ಅಷ್ಟೇ.

"ಅಂಜಿಕಿ ಆದ್ರ ಮಾರಿಬಿಡ್ತೀನಿ," ಅಂದರು, ತಲೆಯೆತ್ತದೆ.

"ಮೊದಲ ಟಾಕಿ ತೊಳೀರಿ. ಆಮ್ಯಾಲ ನೋಡೂಣು," ಅಂದೆ.

ಮುಂಜಾನೆಯಿಂದ ಏನೂ ಗಂಟಲಿಳಿದಿರಲಿಲ್ಲ. ಬುತ್ತಿಗಂಟು ಬಿಚ್ಚಿ ಕಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಿಂಡಿ ಹಚ್ಚಿಕೊಂಡು ಇಬ್ಬರೂ ತಿಂದೆವು.