ಎಲ್ಲರಿಗೂ ಸಮನಾದ ಗಾಳಿ

ಗಾಳಿ ಅಳೆಯುವುದು ನನ್ನ ಕಸುಬು. ಹೀಗೆಂದರೆ ಜನ ನಗುತ್ತಾರೆ. ಮದುವೆ ಮಾತುಕತೆಯ ದಿನ ನನ್ನ ಮಾವನವರು ಎರಡು ಸಲ ಕೇಳಿ, ಆಮೇಲೂ ನಂಬಿರಲಿಲ್ಲ. ದೊಡ್ಡ ಕಟ್ಟಡಗಳಲ್ಲಿ ಏಸಿ ಗಾಳಿ ಒಂದು ಕಡೆ ಸುರಿಯುತ್ತದೆ, ಇನ್ನೊಂದು ಕಡೆ ಸುಳಿಯುವುದೇ ಇಲ್ಲ. ನಾನು ಏಣಿ ಹತ್ತಿ, ಚಾವಣಿಯ ಒಂದೊಂದು ಕಿಂಡಿಗೂ ಬಟ್ಟೆಯ ಗುಡಾರದಂಥ ಮಾಪಕ ಹಿಡಿದು ಅಳೆಯುತ್ತೇನೆ. ಆಮೇಲೆ ಕೊಳವೆಯೊಳಗಿನ ತಗಡಿನ ಮುಚ್ಚಳಗಳನ್ನು ಚೂರುಚೂರೇ ತಿರುಗಿಸಿ, ಹೆಚ್ಚು ಬರುವಲ್ಲಿ ತಡೆದು, ಬಾರದ ಕಡೆಗೆ ತಳ್ಳುತ್ತೇನೆ.

ಹೋದ ಬೇಸಿಗೆಯಲ್ಲಿ ಬೊಮ್ಮಸಂದ್ರದ ಒಂದು ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್ ಹಾಲ್ ನನ್ನ ಪಾಲಿಗೆ ಬಂತು. ಅಲ್ಲಿ ಕಟ್ಟಕಡೆಯ ಮೇಜಿನಲ್ಲಿ ಕೂರುವವಳು ನನ್ನ ಹೆಂಡತಿ. ನಾಲ್ಕು ವರ್ಷದಿಂದ ಚಂದಾಪುರದ ನಮ್ಮ ಬಾಡಿಗೆ ಮನೆಯಿಂದ ಶಿಫ್ಟ್ ಬಸ್ ಹತ್ತಿ ಹೋಗುತ್ತಿದ್ದಳು. ಇನ್ನು ಆರು ತಿಂಗಳು ಕಳೆದರೆ ಪರ್ಮನೆಂಟ್ ಮಾಡುತ್ತೇವೆ ಎಂದಿದ್ದರು. ಆದರೆ ಮೈತುಂಬ ಗೌನು, ಟೋಪಿ, ಮಾಸ್ಕು. ಧೂಳೆದ್ದೀತೆಂದು ಫ್ಯಾನ್ ಇಡುವಂತಿಲ್ಲ. ಸೆಕೆಗೆ ಅವಳಿಗೆ ದಿನಾ ತಲೆ ಸಿಡಿಯುತ್ತಿತ್ತು. ಹೀಗೇ ಆದರೆ ಕೆಲಸ ಬಿಡುವುದೇ ಸರಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ನಾವು ಗಂಡ ಹೆಂಡತಿ ಎಂದು ಅಲ್ಲಿ ಹೇಳಿಕೊಳ್ಳಲಿಲ್ಲ. ಹೆಂಡತಿಗೆಂದು ಗಾಳಿ ತಿರುಗಿಸಿಕೊಂಡ ಎಂಬ ಮಾತು ಬಂದರೆ ಅವಳ ಕೆಲಸಕ್ಕೇ ಸಂಚಕಾರ. ನಾನು ಅವಳ ತಲೆಯ ಮೇಲಿನ ಕಿಂಡಿ ಅಳೆಯಲು ಏಣಿ ತಂದಾಗ, "ಸ್ವಲ್ಪ ಜಾಗ ಬಿಡ್ಲಾ ಸಾರ್?" ಎಂದು ಕೇಳಿದಳು. ಮಾಸ್ಕಿನೊಳಗೆ ನಗುತ್ತಿದ್ದಳು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಕಿಂಡಿಯಲ್ಲಿ ಬೇಕಾದುದರ ಅರ್ಧ ಗಾಳಿಯೂ ಇರಲಿಲ್ಲ.

ಮೂರು ದಿನ ಅಳೆದ ಮೇಲೆ ವಿಷಯ ತಿಳಿಯಿತು. ಕೊಳವೆಗಳಿಗೆ ಗಾಳಿ ತಳ್ಳಲು ಚಾವಣಿಯ ಮೇಲೆ ಕೂರಿಸಿದ ಏಸಿ ಫ್ಯಾನೇ ಸಣ್ಣದು. ಇಡೀ ಹಾಲಿಗೆ ಬೇಕಾದ ಗಾಳಿಯಲ್ಲಿ ಮುಕ್ಕಾಲು ಪಾಲು ಮಾತ್ರ ಬರುತ್ತಿತ್ತು. ನಮ್ಮ ಕಸುಬಿನ ರೀತಿ ಹೇಗೆಂದರೆ, ತೀರಾ ಬಡಪಾಯಿ ಕಿಂಡಿಯನ್ನು ಹುಡುಕಿ, ಉಳಿದವನ್ನೆಲ್ಲ ಅದರ ಮಟ್ಟಕ್ಕೆ ಎಳೆಯುತ್ತ ಬರುವುದು. ಕೊನೆಗೆ ಎಲ್ಲವೂ ಒಂದೇ ಪ್ರಮಾಣಕ್ಕೆ ಬಂದರೆ ಕೆಲಸ ಮುಗಿಯಿತು. ಇದ್ದ ಗಾಳಿ ಸಾಲುತ್ತದೆಯೇ ಎಂಬುದು ಬೇರೆ ಪ್ರಶ್ನೆ.

ನಮ್ಮ ಆಫೀಸಿಗೆ ಫೋನ್ ಮಾಡಿ, ಈ ಫ್ಯಾನ್ ಬದಲಾಯಿಸದೆ ರಿಪೋರ್ಟಿಗೆ ಸಹಿ ಹಾಕುವುದಿಲ್ಲ ಎಂದೆ.

"ನಮ್ ಕೆಲಸ ಹಂಚೋದು, ಫ್ಯಾನ್ ಮಾರೋದಲ್ಲ," ಎಂದರು ನಮ್ಮ ಬಾಸು. "ಸಮ ಬಂದಿದ್ಯಾ? ಸೈನ್ ಹಾಕಿ ಬನ್ನಿ. ಬೇಕಾದ್ರೆ ಷರಾ ಬರೀರಿ."

ಸಹಿ ಹಾಕಿದೆ. ಎರಡನೇ ಪುಟದಲ್ಲಿ, ಒಟ್ಟು ಗಾಳಿ ಸಾಲದು, ಫ್ಯಾನ್ ಬದಲಿಸಬೇಕು ಎಂದು ಷರಾ ಬರೆದು ಅಡಿಗೆರೆಯನ್ನೂ ಎಳೆದೆ.

ಹೆಂಡತಿಯ ಕಡೆ ಗಾಳಿ ಸ್ವಲ್ಪ ಹೆಚ್ಚಿತು, ಆದರೆ ತಲೆನೋವು ನಿಲ್ಲುವಷ್ಟಲ್ಲ. ಮುಂದಿನ ಮೇಜುಗಳಲ್ಲಿ ಹಾಯಾಗಿದ್ದವರೂ ಈಗ ಬೆವರತೊಡಗಿದರು. ಊಟದ ಹೊತ್ತಿನಲ್ಲಿ ಅವರೆಲ್ಲ ಸೇರಿ ಆ ಏಸಿಯವನ ಕೈ ಸೇದಿಹೋಗಲಿ ಎಂದು ಶಾಪ ಹಾಕುತ್ತಿದ್ದರಂತೆ. ಇವಳೂ ಹೂಂಗುಟ್ಟಬೇಕಾಯಿತಂತೆ. ಮನೆಗೆ ಬಂದು ಹೇಳಿ ನಕ್ಕಳು. ನಾನು ಮಾತ್ರ ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಎರಡು ವಾರ ಹೀಗೇ ನಡೆಯಿತು. ಒಂದು ಸಂಜೆ ಶಿಫ್ಟ್ ಮುಗಿಸಿ ಬಂದವಳು ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಪಕ್ಕ ಕೂತಳು. ಮುಖ ಸುಣ್ಣದಂತಿತ್ತು.

"ಇವತ್ತು ಸೂಪರ್‌ವೈಸರ್‌ನ ಕೇಳ್ದೆ. ತಲೆ ಸುತ್ತುತ್ತೆ, ಏನಾದ್ರೂ ಮಾಡಿ ಸಾರ್ ಅಂತ. ನೋಟೀಸ್ ಬೋರ್ಡ್ ಹತ್ರ ಕರ್ಕೊಂಡೋಗಿ ನಿಮ್ ರಿಪೋರ್ಟ್ ತೋರ್ಸಿದ್ರು. ನೋಡಮ್ಮ, ಎಲ್ಲಾರ್ಗೂ ಸಮ ಇದೆ, ನಿನ್ ಒಬ್ಳಿಗೇ ಏನ್ ತೊಂದ್ರೆ ಅಂದ್ರು."

"ಷರಾ ಓದ್ಲಿಲ್ವಾ ಅವ್ರು?"

"ಯಾವ ಷರಾ? ಅಂಟ್ಸಿರೋದು ಒಂದೇ ಹಾಳೆ. ಕೆಳಗೆ ನಿಮ್ ಸೈನು."

ಆಗಲೇ ಕಾರ್ಖಾನೆಯ ಎಂಜಿನಿಯರಿಗೆ ಫೋನ್ ಹಚ್ಚಿದೆ. ಎರಡನೇ ಪುಟ ಹಾಕಿ ಸಾರ್, ಅಲ್ಲಿ ಗಾಳಿ ಸಾಲುತ್ತಿಲ್ಲ ಎಂದೆ.

"ಫೈಲ್ ಕ್ಲೋಸ್ ಆಗಿದೆ ಗುರು," ಎಂದರು ಅವರು ಸಮಾಧಾನವಾಗಿಯೇ. "ನೀವು ಬರೆದ ಲೆಕ್ಕ ಸರಿಯಿದೆ ತಾನೇ? ಸಮ ಇದೆ ತಾನೇ?"

ಅಲ್ಲಿ ಕೂರುವವಳು ನನ್ನ ಹೆಂಡತಿ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ನನ್ನ ಸಹಿಯ ಮೇಲೂ ಅನುಮಾನ, ಅವಳ ನಾಲ್ಕು ವರ್ಷದ ದುಡಿಮೆಯ ಮೇಲೂ ಅನುಮಾನ. ಅವರು ಆ ಕಡೆ ಕಾಯುತ್ತಿದ್ದರು.

"ಸಮ ಇದೆ ಸಾರ್," ಎಂದೆ.

ಹೆಂಡತಿ ಎದ್ದು ಚಪ್ಪಲಿ ಬಿಟ್ಟಳು. ಕತ್ತಿನಲ್ಲಿದ್ದ ಕಾರ್ಖಾನೆಯ ಗುರುತಿನ ಚೀಟಿಯನ್ನು ತೆಗೆದು ನನ್ನ ಕೈಗಿಟ್ಟಳು.

"ನಾಳೆಯಿಂದ ನಾನು ಹೋಗಲ್ಲ. ಇದನ್ನ ನೀವೇ ಕೊಟ್ಬಿಟ್ಟು ಬನ್ನಿ."