ಗುಳಿಗೆ ಬಿಟ್ಟ ವರ್ಷ

ನನ್ನ ಕೈಲಿ ಇದು ಎಂದಿಗೂ ಆಗದು ಎಂದು ಹೇಳಿದವಳು ನನ್ನ ಅಕ್ಕ. ಆಫೀಸಿನವರು ನಕ್ಕರು, ಗಂಡ ಸುಮ್ಮನಿದ್ದರು. ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ.

"ಐವತ್ತೆರಡಕ್ಕೆ ಬಿ.ಎ.ಯಂತೆ! ನೀನು ಆ ಗುಳಿಗೆ ಬಿಡೋದೂ ಇಲ್ಲ, ಈ ಪರೀಕ್ಷೆ ಪಾಸು ಮಾಡೋದೂ ಇಲ್ಲ. ಬರೆದಿಟ್ಕೋ. ಬರೆಯೋಕೆ ಬರುತ್ತಲ್ಲ ನಿನಗೆ."

ಆ ಕೊನೆಯ ಮಾತನ್ನು ಅವಳು ಸುಮ್ಮನೆ ಆಡಿದ್ದಲ್ಲ. ಅಪ್ಪ ಅರಸೀಕೆರೆಯ ಕಡೆ ರೈಲ್ವೆ ಹಳಿ ರಿಪೇರಿ ಮಾಡುವ ಗ್ಯಾಂಗಿನಲ್ಲಿದ್ದರು. ಸಂಬಳದ ದಿನ ಹೆಬ್ಬೆಟ್ಟು ಒತ್ತುತ್ತಿದ್ದರು. ಅವ್ವ ಹಾಸಿಗೆ ಹಿಡಿದಾಗ ಅಕ್ಕನನ್ನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿದರು. ನನಗಾಗ ಐದು ವರ್ಷ. ಒಲೆಯ ಮುಂದೆ ಅವಳು ಕೂತಳು, ಶಾಲೆಗೆ ನಾನು ಹೋದೆ. ಪಿಯುಸಿ ಮುಗಿಸಿದೆ, ಟೈಪಿಂಗ್ ಕಲಿತೆ, ಮದುವೆಯಾಗಿ ದೆಹಲಿಗೆ ಬಂದೆ, ಪರೀಕ್ಷೆ ಬರೆದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯಾದೆ. ಸರೋಜಿನಿ ನಗರದಲ್ಲಿ ಎರಡು ಕೋಣೆಯ ಕ್ವಾರ್ಟರ್ಸ್ ಸಿಕ್ಕಿತು. ಅಕ್ಕನ ಗಂಡ ಸೈನ್ಯದಲ್ಲಿದ್ದವರು. ಅವರು ತೀರಿಕೊಂಡ ಮೇಲೆ ಅವಳು ದೆಹಲಿಯ ಇನ್ನೊಂದು ತುದಿಯ ಪೀತಂಪುರಾದಲ್ಲಿ ಮಗನ ಮನೆಯಲ್ಲಿದ್ದಳು. ಎರಡು ಬಸ್ಸು ಬದಲಾಯಿಸಿ ಭಾನುವಾರ ನಮ್ಮ ಮನೆಗೆ ಬರುವಳು. ಕನ್ನಡ ಕೂಡಿಸಿ ಓದುವಷ್ಟು ಬರುತ್ತಿತ್ತು ಅವಳಿಗೆ, ಅಷ್ಟೇ.

ಗುಳಿಗೆಯ ವಿಷಯ ಹೇಳಬೇಕು. ನಲವತ್ತಾರಕ್ಕೆ ನನಗೆ ಮುಟ್ಟು ನಿಂತಿತು. ನಿಂತರೆ ನಿಶ್ಚಿಂತೆ ಎಂದುಕೊಂಡಿದ್ದೆ. ಆದರೆ ನಿದ್ದೆ ಹೋಯಿತು, ಮಂಡಿ ಹಿಡಿಯಿತು, ಎದೆಯಿಂದ ಕೆನ್ನೆಯವರೆಗೆ ಹೊತ್ತುಗೊತ್ತಿಲ್ಲದೆ ಝಳ ಏರಿ ರವಿಕೆ ಒದ್ದೆಯಾಗುತ್ತಿತ್ತು. ಒಬ್ಬರು ಖಾಸಗಿ ಡಾಕ್ಟರು ಹಾರ್ಮೋನ್ ಗುಳಿಗೆ ಬರೆದುಕೊಟ್ಟರು. ದಿನಕ್ಕೊಂದು, ಬೆಳಗಿನ ಕಾಫಿಯ ಜೊತೆ. ಮೂರನೇ ವಾರಕ್ಕೆ ನಿದ್ದೆ ಬಂತು. ಮೈಯಲ್ಲಿ ಮತ್ತೆ ಕಸುವು ಬಂತು. ಆ ಕಸುವಿನಲ್ಲೇ ನಾನು ಮುಕ್ತ ವಿಶ್ವವಿದ್ಯಾಲಯಕ್ಕೆ ಬಿ.ಎ.ಗೆ ಹೆಸರು ಬರೆಸಿದ್ದು. ಆಫೀಸಿನಲ್ಲಿ ನನ್ನ ಕೆಳಗೆ ಸೇರುವ ಹುಡುಗಿಯರೆಲ್ಲ ಪದವೀಧರೆಯರು. ಅವರ ಕಾಗದ ತಿದ್ದುವವಳು ನಾನು. ಯಾವ ಫಾರಂ ತುಂಬಿದರೂ 'ವಿದ್ಯಾರ್ಹತೆ' ಎಂಬ ಜಾಗದಲ್ಲಿ ನನ್ನ ಪೆನ್ನು ಒಂದು ಗಳಿಗೆ ನಿಲ್ಲುತ್ತಿತ್ತು.

ಮುಗಿಸಲು ಆರು ವರ್ಷದ ಗಡುವು. ಐದು ವರ್ಷದಲ್ಲಿ ಒಂದೊಂದೇ ಪೇಪರು ದಾಟಿಸಿದೆ. ಕೊನೆಗೆ ಅರ್ಥಶಾಸ್ತ್ರ ಒಂದೇ ಉಳಿಯಿತು. ಅದಕ್ಕೆ ಜೂನ್ ಒಂದು ಸಲ, ಡಿಸೆಂಬರ್ ಒಂದು ಸಲ. ಅಷ್ಟರಲ್ಲಿ ಆಗದಿದ್ದರೆ ನೋಂದಣಿ ರದ್ದು, ಆರು ವರ್ಷವೂ ನೀರಿಗೆ.

ಆ ಹೊತ್ತಿಗೆ ಪತ್ರಿಕೆಗಳಲ್ಲಿ ಬರತೊಡಗಿತ್ತು, ಈ ಗುಳಿಗೆಯನ್ನು ವರ್ಷಗಟ್ಟಲೆ ನುಂಗಿದರೆ ಸ್ತನದ ಕ್ಯಾನ್ಸರಿನ ಭಯ ಹೆಚ್ಚು ಎಂದು. ಏಪ್ರಿಲ್ ತಿಂಗಳ ಒಂದು ಭಾನುವಾರ ಅಂಥದ್ದೊಂದು ಬರಹವನ್ನು ಅಕ್ಕನಿಗೆ ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. ಓದಿದವಳೆಂಬ ಜಂಭದಿಂದಲೇ ಹೇಳುತ್ತಿದ್ದೆ. ಅವಳು ಬೀನ್ಸ್ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ವನಿಗೆ ಎದೇಲಿ ಗಂಟಿತ್ತು."

"ಯಾವ ಅವ್ವನಿಗೆ?"

"ನಮಗೆ ಎಷ್ಟು ಜನ ಅವ್ವಂದಿರಿದ್ರು?"

"ಅವ್ವ ತೀರಿಕೊಂಡಿದ್ದು ಜ್ವರದಿಂದ ಅಂದಿದ್ರಲ್ಲ?"

"ನಿನಗೆ ಜ್ವರ ಅಂದ್ವಿ. ನಿನಗೆ ಐದು ವರ್ಷ. ಬಟ್ಟೆ ಒಗೆದವಳು ನಾನು, ನನಗೆ ಗೊತ್ತು."

ನಲವತ್ತೇಳು ವರ್ಷ ಅವಳು ಅದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಖಾಸಗಿ ಡಾಕ್ಟರು ಮೊದಲ ದಿನವೇ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರು ಇತ್ತೇ ಎಂದು ಕೇಳಿದಾಗ ಇಲ್ಲವೆಂದು ಖಡಾಖಂಡಿತವಾಗಿ ಉತ್ತರಿಸಿದ್ದೆ. ಇನ್ನು ಗುಳಿಗೆ ಮುಟ್ಟುವುದಿಲ್ಲ ಎಂದೆ; ಅಕ್ಕ 'ಬರೆದಿಟ್ಕೋ' ಎಂದದ್ದು ಆಗಲೇ.

ಅಕ್ಕ ಬಸ್ಸು ಹತ್ತಿದ ಮೇಲೆ ಉಳಿದ ಗುಳಿಗೆಗಳನ್ನೆಲ್ಲ ಕಸದ ಡಬ್ಬಿಗೆ ಹಾಕಿದೆ. ಡಾಕ್ಟರನ್ನು ಕೇಳಬೇಕೆಂದು ತೋಚಲಿಲ್ಲ. ಪೇಪರು ಓದಿದ್ದೇನೆ, ತಿಳಿದುಕೊಂಡಿದ್ದೇನೆ, ಇನ್ನು ಕೇಳುವುದೇನು? ನನ್ನಂಥವರು ಮಾಡುವ ತಪ್ಪು ಅದು. ಮನೆಯಲ್ಲಿ ಮೊದಲು ಓದಿದವರಿಗೆ, ಓದಿದ್ದರಲ್ಲಿ ಎಲ್ಲವೂ ಇರುತ್ತದೆ ಎಂಬ ನಂಬಿಕೆ.

ಹತ್ತು ದಿನಕ್ಕೆ ಎಲ್ಲವೂ ವಾಪಸು ಬಂತು, ಮೊದಲಿಗಿಂತ ಜೋರಾಗಿ. ಮೇ ತಿಂಗಳ ದೆಹಲಿ, ಮಧ್ಯಾಹ್ನವೆಲ್ಲ ಲೂ ಎಂಬ ಬಿಸಿಗಾಳಿ ಬೀಸುತ್ತಿತ್ತು. ಯಾವ ಸೆಕೆ ಊರಿನದು, ಯಾವುದು ನನ್ನದು ಎಂದು ತಿಳಿಯುತ್ತಿರಲಿಲ್ಲ. ಕೂಲರ್ ಮುಂದೆ ಕೂತು ಬೆವೆತು, ಕರೆಂಟು ಹೋದಾಗ ಮತ್ತೂ ಬೆವೆತು, ಬೆಳಿಗ್ಗೆ ಎದ್ದರೆ ಮಲಗೇ ಇರಲಿಲ್ಲವೇನೋ ಎಂಬಂತಿರುತ್ತಿತ್ತು. ಮರೆವು ಅದಕ್ಕಿಂತ ಕೆಟ್ಟದ್ದು. ಮಾರ್ಕೆಟ್ಟಿನಲ್ಲಿ ತರಕಾರಿಯವನ ಮುಂದೆ ನಿಂತಿದ್ದೇನೆ, ಅವನು "ಬೋಲಿಯೇ ಆಂಟಿ" ಎನ್ನುತ್ತಿದ್ದಾನೆ, ಏತಕ್ಕೆ ಬಂದೆನೆಂದು ನೆನಪಿಲ್ಲ. "ಕುಛ್ ನಹೀ ಭಯ್ಯಾ" ಎಂದು ಬರಿಗೈಯಲ್ಲಿ ಮನೆಗೆ ಬಂದೆ. ಗಂಡನ ಮೇಲೆ ಟಿಫಿನ್ ಡಬ್ಬಿ ಎಸೆದೆ. ಅವರು ಮುಚ್ಚಳ ಹುಡುಕಿ ತಂದು, "ಇನ್ನೊಂದು ಕಡೆ ಬಿದ್ದಿತ್ತು" ಎಂದರು. ಅದಕ್ಕೂ ಸಿಟ್ಟು ಬಂತು.

ಜೂನ್ ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳಿಗೆ ಉತ್ತರ ನನಗೆ ಗೊತ್ತಿತ್ತು. ಮೊದಲ ಪುಟ ಬರೆಯುವಷ್ಟರಲ್ಲಿ ಝಳ ಏರಿತು. ಹಣೆಯಿಂದ ಹನಿ ಬಿದ್ದು ಶಾಯಿ ಹರಡಿತು. ಒರೆಸಿದೆ, ಕಾಗದ ಹರಿಯಿತು. ವಾಕ್ಯವನ್ನು ಎಲ್ಲಿ ಬಿಟ್ಟಿದ್ದೆ ಎಂದು ನೋಡಿದರೆ ಯಾರೋ ಬರೆದ ವಾಕ್ಯದಂತಿತ್ತು. ಒಂದು ಗಂಟೆಯೊಳಗೇ ಎದ್ದು ಹೊರಗೆ ಬಂದುಬಿಟ್ಟೆ. ಬಸ್ ಸ್ಟಾಪಿನಲ್ಲಿ ಕೂತು ಎರಡು ಬಸ್ಸು ಬಿಟ್ಟೆ. ಅಳಲಿಲ್ಲ. ಅಳುವುದಕ್ಕೂ ಶಕ್ತಿ ಬೇಕು.

ಆಮೇಲೆ ಸರ್ಕಾರಿ ನೌಕರರ ಡಿಸ್ಪೆನ್ಸರಿಗೆ ಹೋದೆ. ಅಲ್ಲಿಯ ಡಾಕ್ಟರಮ್ಮ ಪಂಜಾಬಿನವರು, ದಪ್ಪ ಕನ್ನಡಕ, ದೊಡ್ಡ ಧ್ವನಿ. ನಾನು ಮಾಡಿದ್ದನ್ನು ಕೇಳಿ ಹಣೆ ಚಚ್ಚಿಕೊಂಡರು.

"ಬೆಹೆನ್‌ಜೀ, ಯೇ ದವಾಯಿ ಹೈ, ಬಲ್ಬ್ ನಹೀ, ಕಿ ಸ್ವಿಚ್ ಆಫ್ ಕರ್ ದಿಯಾ!"

ಬಲ್ಬು ಆರಿಸಿದಂತೆ ಔಷಧಿಯನ್ನು ಒಂದೇ ಸಲ ನಿಲ್ಲಿಸಬಾರದಿತ್ತಂತೆ. ಮೊದಲು ಅರ್ಧ, ಆಮೇಲೆ ದಿನ ಬಿಟ್ಟು ದಿನ, ಹೀಗೆ ತಿಂಗಳುಗಟ್ಟಲೆ ಇಳಿಸುತ್ತಾ ಬರಬೇಕಿತ್ತಂತೆ. ಅವ್ವನ ವಿಷಯವನ್ನು ಆ ದಿನ ಮೊದಲ ಸಲ ಒಬ್ಬ ಡಾಕ್ಟರಿಗೆ ಹೇಳಿದೆ. ಅವರ ಧ್ವನಿ ಇಳಿಯಿತು. ಪರೀಕ್ಷಿಸಿದರು, ಸ್ತನದ ಎಕ್ಸ್‌ರೇ ಮಾಡಿಸಿದರು. ಏನೂ ಇರಲಿಲ್ಲ. ಆಮೇಲೆ ಕೂರಿಸಿಕೊಂಡು ಹೇಳಿದರು: ಬಿಟ್ಟು ಎರಡು ತಿಂಗಳಾಗಿದೆ, ಕಷ್ಟದ ದಾರಿ ಒಂದಿಷ್ಟು ನಡೆದಾಗಿದೆ. ಡಿಸೆಂಬರ್ ಪರೀಕ್ಷೆಯವರೆಗೆ ಕಡಿಮೆ ಪ್ರಮಾಣದಲ್ಲಿ ಕೊಡಬಲ್ಲೆ, ಆದರೆ ನಿಮ್ಮ ತಾಯಿಯ ವಿಷಯ ಕೇಳಿದ ಮೇಲೆ ನನಗೆ ಮನಸ್ಸಿಲ್ಲ. ಕೊಟ್ಟರೆ ಮುಂದೆ ಮತ್ತೆ ಮೊದಲಿನಿಂದ ಬಿಡಬೇಕಾಗುತ್ತದೆ. ನೀವೇ ಹೇಳಿ.

ಎರಡು ದಿನ ಸಮಯ ಕೇಳಿಕೊಂಡು ಬಂದೆ. ಗುಳಿಗೆ ನುಂಗಿದರೆ ತಲೆ ತಿಳಿಯಾಗಬಹುದು, ಪಾಸಾಗಬಹುದು. ನುಂಗದಿದ್ದರೆ ಜೂನಿನಲ್ಲಿ ಆದದ್ದೇ ಡಿಸೆಂಬರಿನಲ್ಲೂ ಆಗಬಹುದು. ಅಕ್ಕನಿಗೆ ಫೋನು ಮಾಡಿದೆ. ನುಂಗು ಎನ್ನುವಳೋ ಬೇಡವೆನ್ನುವಳೋ ತಿಳಿಯಲು ಅಲ್ಲ, ಸುಮ್ಮನೆ ಹೇಳಿಕೊಳ್ಳಲು.

"ನಾನು ಯಾವ ಗುಳಿಗೇನೂ ನುಂಗ್ಲಿಲ್ಲ. ನನಗೂ ಮೂರು ವರ್ಷ ಮೈ ಉರೀತು," ಎಂದಳು.

"ನೀನು ಪರೀಕ್ಷೆ ಬರೀಲಿಲ್ಲವಲ್ಲ ಅಕ್ಕ."

"ಇಲ್ಲ. ಬರೀಲಿಲ್ಲ," ಎಂದು ಫೋನಿಟ್ಟಳು.

ಮರುದಿನ ಡಾಕ್ಟರಮ್ಮನಿಗೆ ಬೇಡವೆಂದೆ.

ಆ ಭಾನುವಾರ ಅಕ್ಕ ಬರುವುದಿಲ್ಲವೆಂದುಕೊಂಡಿದ್ದೆ. ಬಂದಳು. ಅಡುಗೆಮನೆಗೆ ಹೋಗಿ ಸಾರಿಗಿಟ್ಟಳು. ಆಮೇಲೆ ಬಂದು, "ಪುಸ್ತಕ ತೆಗಿ. ನಿನಗೆ ನೆನಪಿರಲ್ಲ ಅಂತೀಯಲ್ಲ, ನನಗೆ ಹೇಳು. ನಾನು ನೆನಪಿಟ್ಕೋತೀನಿ," ಎಂದಳು.

ಹಾಗೆ ಶುರುವಾದದ್ದು. ಇಂಗ್ಲಿಷ್ ಪಾಠವನ್ನು ನಾನು ಕನ್ನಡದಲ್ಲಿ ಹೇಳುವುದು, ಅವಳು ತಗಾದೆ ತೆಗೆಯುವುದು.

"ಬೆಲೆ ಏರಿದರೆ ಬೇಡಿಕೆ ಇಳಿಯುತ್ತೆ," ಎಂದೆ.

"ಸುಳ್ಳು. ಈರುಳ್ಳಿ ದುಬಾರಿ ಆದಾಗ ನೀನು ಬಿಟ್ಯಾ? ಬೈಕೊಂಡು ತಂದೆ. ಯಾರು ಬರೆದಿದ್ದು ಈ ಪುಸ್ತಕ, ಅಡುಗೆ ಮಾಡದವರು ಯಾರೋ!"

ಬೆಲೆ ಏರಿದರೂ ಬೇಡಿಕೆ ಹೆಚ್ಚು ಇಳಿಯದ ವಸ್ತುಗಳ ಬಗ್ಗೆ ಮುಂದಿನ ಪಾಠವೇ ಇತ್ತು. ತೋರಿಸಿದೆ. ಅವಳು ಗೆದ್ದವಳಂತೆ ಕೂತಳು. ಮುಂದಿನ ವಾರ ನಾನು ತಡವರಿಸಿದಾಗ, "ಅದೇ, ಈರುಳ್ಳಿ ಪಾಠ!" ಎಂದು ಜ್ಞಾಪಿಸಿದಳು. ಝಳ ಬಂದಾಗ ನಾನು ಮಾತು ನಿಲ್ಲಿಸಿ ಸೆರಗಿನಿಂದ ಗಾಳಿ ಹಾಕಿಕೊಳ್ಳುವೆ. ಅವಳು, "ಹೋಗ್ಲಿ ಬಿಡು, ಅದು ಬಂದು ಹೋಗ್ಲಿ," ಎಂದು ಕಾಯುವಳು, ಬಾಗಿಲಲ್ಲಿ ಬಂದು ನಿಂತ ನೆಂಟರನ್ನು ಸಾಗಹಾಕುವಂತೆ. ನವೆಂಬರ್ ಬಂತು, ಬಟಾಣಿಯ ಕಾಲ. ಇಬ್ಬರೂ ಬಿಸಿಲಿಗೆ ಕೂತು ಕಾಯಿ ಸುಲಿಯುತ್ತಾ ರಾಷ್ಟ್ರೀಯ ಆದಾಯದ ಪಾಠ ಮುಗಿಸಿದೆವು. ಚಳಿ ಬಂದರೂ ನಾನು ಫ್ಯಾನು ಆರಿಸುತ್ತಿರಲಿಲ್ಲ. ನನ್ನ ಗಂಡ ಮಂಕಿ ಕ್ಯಾಪು ಹಾಕಿಕೊಂಡು ಮುಂದಿನ ಕೋಣೆಗೆ ಹಾಸಿಗೆ ಎತ್ತಿಕೊಂಡು ಹೋದರು.

ಗುಣವಾಯಿತು ಎಂದು ಹೇಳಲಾರೆ. ದಿನಕ್ಕೆ ಹತ್ತು ಸಲ ಬರುತ್ತಿದ್ದದ್ದು ಆರಕ್ಕಿಳಿಯಿತು. ನಿದ್ದೆ ತುಂಡುತುಂಡಾಗಿಯೇ ಇತ್ತು. ದಣಿವಿಗೆ ಒಗ್ಗಿಕೊಂಡೆ, ಅಷ್ಟೇ.

ಡಿಸೆಂಬರಿನ ಪರೀಕ್ಷೆ ಒಂದು ಹಳೆಯ ಶಾಲೆಯಲ್ಲಿ. ಹೊರಗೆ ಮಂಜು, ಎಲ್ಲರೂ ಸ್ವೆಟರು, ಮಫ್ಲರು. ಕಿಟಕಿಯ ಒಂದು ಗಾಜು ಒಡೆದಿತ್ತು. ಅದರ ಪಕ್ಕದ ಬೆಂಚಿನ ಹುಡುಗ ಮೇಲ್ವಿಚಾರಕರೊಡನೆ ಜಗಳಕ್ಕೆ ನಿಂತಿದ್ದ. "ಸರ್, ಕುಲ್ಫೀ ಜಮ್ ಜಾಯೇಗೀ ಮೇರೀ!" ಚಳಿಗೆ ಕುಲ್ಫಿಯಂತೆ ಹೆಪ್ಪುಗಟ್ಟುತ್ತೇನೆ ಎಂದು ಅವನ ಗೋಳು. ನಾನು ಎದ್ದು ನನ್ನ ಜಾಗ ಕೊಡುತ್ತೇನೆ ಎಂದೆ. ಮೇಲ್ವಿಚಾರಕರು ನನ್ನ ಹತ್ತಿ ಸೀರೆಯನ್ನೂ ಬಿಳಿ ಕೂದಲನ್ನೂ ನೋಡಿ, "ಮಾತಾಜೀ, ಆಪ್ ಬೀಮಾರ್ ಪಡ್ ಜಾಯೇಂಗೀ," ಎಂದರು. ಕಾಯಿಲೆ ಬೀಳುವುದಿಲ್ಲವೆಂದೆ. ಕ್ರಮಸಂಖ್ಯೆ ಗುರುತು ಹಾಕಿಕೊಂಡು ಬಿಟ್ಟರು.

ಮೂರು ಗಂಟೆಯಲ್ಲಿ ಎರಡು ಸಲ ಝಳ ಬಂತು. ಬಂದಾಗ ಪೆನ್ನು ಕೆಳಗಿಟ್ಟೆ. ಒಡೆದ ಗಾಜಿನಿಂದ ತಣ್ಣನೆಯ ಗಾಳಿ ಕುತ್ತಿಗೆಗೆ ಬಡಿಯಿತು. ಹೋಯಿತು. ಮತ್ತೆ ಬರೆದೆ. ಒಂದು ಪ್ರಶ್ನೆ ಬಿಟ್ಟೆ, ಉಳಿದದ್ದೆಲ್ಲ ಬರೆದೆ.

ಪಾಸು. ಅಂಕ ಹೇಳಿಕೊಳ್ಳುವಷ್ಟೇನೂ ಇಲ್ಲ.

ಪ್ರಮಾಣಪತ್ರ ಕೈಗೆ ಬರಲು ವರ್ಷವೇ ಹಿಡಿಯಿತು. ವಿಶ್ವವಿದ್ಯಾಲಯದ ಕಚೇರಿಗೆ ಅಕ್ಕನೂ ಬಂದಳು, ಕರೆಯದೆಯೇ. ಕೌಂಟರಿನವನು ರಿಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, ತಲೆಯೆತ್ತದೆ, ಲಕೋಟೆ ಆಚೆ ತಳ್ಳಿದ. ನಾನು ಕಾಗದ ತೆಗೆದು ನೋಡಿ ಅಕ್ಕನ ಕೈಗೆ ಕೊಟ್ಟೆ. ಹಿಂದಿ, ಇಂಗ್ಲಿಷ್ ಎರಡೂ ಅವಳಿಗೆ ಓದಲು ಬಾರದು. ಆದರೂ ಬಹಳ ಹೊತ್ತು ನೋಡಿದಳು. ಹಿಂದಿದ್ದವರು ಸರಿಯಿರಿ ಎಂದಾಗ ಪಕ್ಕಕ್ಕೆ ಸರಿದಳು, ಕಾಗದ ಮಾತ್ರ ಬಿಡಲಿಲ್ಲ.

"ಸಂತೋಷ ಆಯ್ತು ಕಣೇ," ಎಂದಳು. "ಹೊಟ್ಟೇನೂ ಉರೀತಿದೆ. ಸುಳ್ಳು ಯಾಕೆ ಹೇಳ್ಲಿ?"